ಘಾಟಿ ಹತ್ತೋವಾಗ ಹಳೇ ಕಾರು ನಿಂತೋದ್ರೆ ಏನ್ ಮಾಡ್ಬೇಕು

ಕಾರ್ಬುರೇಟರ್ (ಪೆಟ್ರೋಲ್‌ಗೆ ಗಾಳಿ ಬೆರೆಸಿ ಇಂಜಿನ್‌ಗೆ ಕಳಿಸೋ ಭಾಗ) ಇರೋ ಹಳೇ ಪೆಟ್ರೋಲ್ ಕಾರು ಇನ್ನೂ ಇಟ್ಕೊಂಡಿರೋರಿಗೆ ಇದು. ನಮ್ಮಪ್ಪನ ಕಾರಿಗೆ ತುಕ್ಕು ಹಿಡಿದು ಕಾಲಡಿ ರೋಡೇ ಕಾಣ್ತಿತ್ತು, ಏಪ್ರಿಲ್ ಬಿಸಿಲಲ್ಲಿ ಗುಂಡ್ಯ ದಾಟಿ ಶಿರಾಡಿ ಘಾಟಿ ಹತ್ತಿದ್ರೆ ಸಕಲೇಶಪುರ ಬರೋಷ್ಟ್ರಲ್ಲಿ ಎರಡು ಸಲನಾದ್ರೂ ನಿಲ್ತಿತ್ತು, ಆದ್ರೂ ಅದರಷ್ಟು ಇಷ್ಟಪಟ್ಟ ಕಾರು ಇನ್ನೊಂದಿಲ್ಲ.

ಹೀಗೆ ಕಾವಿಗೆ ನಿಲ್ಲೋದಕ್ಕೆ ವೇಪರ್ ಲಾಕ್ ಅಂತಾರೆ. ಇಂಜಿನ್ ಕಾವಿಗೆ ಪೈಪಲ್ಲೇ ಪೆಟ್ರೋಲ್ ಆವಿ ಆಗ್ಬಿಡುತ್ತೆ, ಟ್ಯಾಂಕಿಂದ ಪೆಟ್ರೋಲ್ ಎಳೆಯೋ ಪಂಪ್‌ಗೆ ಆವಿ ಎಳೆಯೋಕಾಗಲ್ಲ, ಕಾರ್ಬುರೇಟರ್‌ಗೆ ಪೆಟ್ರೋಲ್ ಹೋಗಲ್ಲ. ಸುಮ್ನೆ ಸೆಲ್ಫ್ ಹೊಡೀತಾ ಕೂರ್ಬೇಡಿ, ಬ್ಯಾಟರಿ ಇಳಿದೋಗುತ್ತೆ. ಸೈಡಿಗೆ ಹಾಕಿ, ಹ್ಯಾಂಡ್‌ಬ್ರೇಕ್ ಎಳೆದು, ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು ಬಾನೆಟ್ ಎತ್ತಿ. ಬಟ್ಟೆ ಒದ್ದೆ ಮಾಡಿ, ಚೆನ್ನಾಗಿ ಹಿಂಡಿ, ಪೆಟ್ರೋಲ್ ಪಂಪ್ ಮೇಲೆ ಸುತ್ತಿ, ಒಣಗಿದ್ರೆ ಮತ್ತೆ ಒದ್ದೆ ಮಾಡಿ. ಕಾದ ಇಂಜಿನ್ ಮೇಲೆ ನೀರು ಸುರೀಬೇಡಿ, ಬಿರುಕು ಬಿಡಬಹುದು. ರೇಡಿಯೇಟರ್ ಮುಚ್ಚಳ ಅಂತೂ ಮುಟ್ಲೇಬೇಡಿ, ಕುದಿಯೋ ನೀರು ಮುಖಕ್ಕೆ ಚಿಮ್ಮುತ್ತೆ. ಒಂದು 20 ನಿಮಿಷ ಬಿಟ್ಟು ಚೋಕ್ (ಇಂಜಿನ್ ತಣ್ಣಗಿದ್ದಾಗ ಸ್ಟಾರ್ಟ್ ಮಾಡೋಕೆ ಎಳೆಯೋ ಗುಬ್ಬಿ) ಎಳೀದೆ, ಆಕ್ಸಿಲರೇಟರ್ ಅರ್ಧ ಒತ್ತಿ ಸ್ಟಾರ್ಟ್ ಮಾಡಿ.

ಆ 20 ನಿಮಿಷದಲ್ಲೇ ಅಮ್ಮ ಮಜ್ಜಿಗೆ, ಕೋಡುಬಳೆ ತೆಗೀತಿದ್ರು, ನಾನು ಬಟ್ಟೆ ಹಿಡ್ಕೊಂಡು ತೊರೆಗೆ ಓಡ್ತಿದ್ದೆ.