ಕೂತಲ್ಲೇ ಆಡುವ ಆಟ: ಮೊಬೈಲಿನಲ್ಲಿ ಹುಡುಕಿ, ಜಗಲಿಗೆ ತಂದದ್ದು

ಶಿರಸಿ ಸುತ್ತಿನ ಹಳ್ಳಿಗಳಲ್ಲಿ, ಶಾಲೆಗೆ ಬರಲಾಗದ ವಿಕಲಚೇತನ ಮಕ್ಕಳಿಗೆ ಮನೆಗೇ ಹೋಗಿ ಕಲಿಸುವ ಕೆಲಸ ನನ್ನದು. ಅವರಿಗೆ ವ್ಯಾಯಾಮ ಹುಡುಕುವಾಗ ಮೊದಮೊದಲು ‘ಸೆರೆಬ್ರಲ್ ಪಾಲ್ಸಿ’ (ಮಿದುಳಿನ ತೊಂದರೆಯಿಂದ ಕೈಕಾಲು ಹಿಡಿತಕ್ಕೆ ಬಾರದ ಸ್ಥಿತಿ) ಎಂದಷ್ಟೇ ಟೈಪ್ ಮಾಡುತ್ತಿದ್ದೆ. ಬರುತ್ತಿದ್ದದ್ದೆಲ್ಲ ಆಸ್ಪತ್ರೆ, ಆಪರೇಷನ್. ಈಗ ಮಗು ಏನು ಮಾಡಬಲ್ಲದು ಎಂಬುದನ್ನೇ ಹಾಕುತ್ತೇನೆ: ‘ಸೀಟೆಡ್ ಎಕ್ಸರ್‌ಸೈಜ್ ಫಾರ್ ಕಿಡ್ಸ್’ (ಮಕ್ಕಳಿಗೆ ಕೂತು ಮಾಡುವ ವ್ಯಾಯಾಮ), ‘ಅಡಾಪ್ಟೆಡ್ ಪಿ.ಇ.’ (ಮಗುವಿಗೆ ಹೊಂದಿಸಿದ ದೈಹಿಕ ಶಿಕ್ಷಣ), ‘ಬೋಚಾ’ (ಕೂತು ಆಡುವ ಚೆಂಡಾಟ). ಹುಡುಕುವುದು ಇಂಗ್ಲಿಷಿನಲ್ಲಿ, ಮಗುವಿಗೆ ಹೇಳುವುದು ಮನೆಮಾತಿನಲ್ಲಿ. ಬುದ್ಧಿ ಬೆಳವಣಿಗೆ ನಿಧಾನವಿದ್ದರೆ ಅಂಥವರಿಗಾಗಿಯೇ ಕ್ರೀಡೆ ನಡೆಸುವ ಸ್ಪೆಷಲ್ ಒಲಿಂಪಿಕ್ಸ್ ಸಂಸ್ಥೆಯ ಜಾಲತಾಣಕ್ಕೇ ಹೋಗಿ. 2ರಿಂದ 7 ವರ್ಷದವರಿಗೆ ‘ಯಂಗ್ ಅಥ್ಲೀಟ್ಸ್’ ಎಂಬ ಆಟಗಳ ಕಾರ್ಯಕ್ರಮವಿದೆ, ದೊಡ್ಡ ಮಕ್ಕಳಿಗೆ 5 ಹಂತಗಳ ‘ಫಿಟ್ 5’ ವ್ಯಾಯಾಮದ ಕಾರ್ಡುಗಳಿವೆ.

ಯಾವ ವಿಡಿಯೊವನ್ನೂ ಪರೀಕ್ಷಿಸದೆ ತೋರಿಸುವುದಿಲ್ಲ. ಕಿವಿ ಕೇಳದ ಮಗುವಿಗಾದರೆ ದನಿ ಆರಿಸಿ ನೋಡುತ್ತೇನೆ, ಕಣ್ಣು ಕಾಣದ ಮಗುವಿಗಾದರೆ ಕಣ್ಣು ಮುಚ್ಚಿ ಕೇಳುತ್ತೇನೆ. ‘ಹೀಗೆ ಎತ್ತಿ, ಹೀಗೆ ಇಳಿಸಿ’ ಎಂದಷ್ಟೇ ಹೇಳುವವರದ್ದು ಅಲ್ಲೇ ಬಿದ್ದುಹೋಗುತ್ತದೆ. ವೇಗ 0.75ಕ್ಕೆ ಇಳಿಸಿದರೆ ಎಷ್ಟೋ ಮಕ್ಕಳು ಜತೆಗೂಡುತ್ತಾರೆ. ಡೌನ್ ಸಿಂಡ್ರೋಮ್ (ಹುಟ್ಟಿನಿಂದಲೇ ಒಂದು ಕ್ರೋಮೋಸೋಮ್ ಹೆಚ್ಚಿರುವ ಸ್ಥಿತಿ) ಇದ್ದರೆ ಪಲ್ಟಿ, ತಲೆಕೆಳಗಾಗುವುದು ಬೇಡವೇ ಬೇಡ. ಕತ್ತಿನ ಮೂಳೆ ಸಡಿಲವಿರಬಹುದು, ಮೊದಲು ಡಾಕ್ಟರ್ ನೋಡಲಿ.

ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ 5ರಿಂದ 17 ವರ್ಷದ ವಿಕಲಚೇತನ ಮಕ್ಕಳಿಗೂ ದಿನಕ್ಕೆ ಸರಾಸರಿ 60 ನಿಮಿಷ ಮೈ ದಣಿಯುವ ಚಟುವಟಿಕೆ ಬೇಕು ಎನ್ನುತ್ತದೆ. ನಾನು ಶುರು ಮಾಡಿಸುವುದು 5 ನಿಮಿಷದ ಮೂರು ಸರದಿಯಿಂದ. ಮೊದಲ ದಿನವೇ ಸುಸ್ತಾದ ಮಗು ಮರುದಿನ ಮೊಬೈಲ್ ಕಂಡರೆ ಮುಖ ತಿರುಗಿಸುತ್ತದೆ.

ನಮ್ಮ ಜಗಲಿಗಳಿಗೆ ಹೇಳಿ ಮಾಡಿಸಿದ್ದು ಬೋಚಾ. ಬಿಳಿ ಚೆಂಡಿನ ಹತ್ತಿರಕ್ಕೆ ನಮ್ಮ ಚೆಂಡು ಬೀಳಬೇಕು, ಅಷ್ಟೇ. ನಿಜವಾದ ಚೆಂಡಿನ ತೂಕ ಸುಮಾರು 275 ಗ್ರಾಂ. ಅಷ್ಟೇ ಅಕ್ಕಿಯನ್ನು ಪ್ಲಾಸ್ಟಿಕ್ ಕೊಟ್ಟೆಗೆ ತುಂಬಿ, ಹಳೇ ಕಾಲುಚೀಲಕ್ಕೆ ಹಾಕಿ ಬಿಗಿಯಾಗಿ ಗಂಟು ಕಟ್ಟಿ. ಕೊಟ್ಟೆ ಇಲ್ಲದಿದ್ದರೆ ಆಷಾಢದ ತಂಡಿಗೆ ಅಕ್ಕಿ ಬೂಸಲು ಹಿಡಿಯುತ್ತದೆ. ಕೈಯಲ್ಲಿ ಎಸೆಯಲಾಗದ ಮಗುವಿಗೆ 4 ಇಂಚಿನ ಪಿವಿಸಿ ಪೈಪನ್ನು ಉದ್ದುದ್ದ ಸೀಳಿ, ಅಂಚು ಉಜ್ಜಿ ನುಣ್ಣಗೆ ಮಾಡಿ, ಕುರ್ಚಿಯಿಂದ ನೆಲಕ್ಕೆ ಇಳಿಜಾರಾಗಿ ಇಡಿ. ಅಕ್ಕಿಗಂಟು ಅದರಲ್ಲಿ ಉರುಳುವುದಿಲ್ಲ, ರಬ್ಬರ್ ಚೆಂಡೇ ಬೇಕು. ಪೈಪನ್ನು ಎತ್ತ ತಿರುಗಿಸಬೇಕೆಂದು ಮಗುವೇ ಹೇಳಲಿ, ನೀವು ಹಿಡಿದುಕೊಳ್ಳಿ ಸಾಕು.

ಮಳೆಗಾಲದಲ್ಲಿ ಕರೆಂಟೂ ಇಲ್ಲ, ನೆಟ್ಟೂ ಇಲ್ಲ. ಯೂಟ್ಯೂಬಿನಲ್ಲಿ ಇಳಿಸಿಟ್ಟದ್ದೂ ಬಹಳ ದಿನ ನೆಟ್ ಸಿಗದಿದ್ದರೆ ತೆರೆಯುವುದಿಲ್ಲ. ಆದ್ದರಿಂದ ಮೇ ತಿಂಗಳಲ್ಲೇ ಫಿಟ್ 5 ಕಾರ್ಡುಗಳನ್ನು ಪ್ರಿಂಟ್ ತೆಗೆಸಿ, ಕೂತ ಮಗುವಿನ ಕಣ್ಣಿನ ಎತ್ತರಕ್ಕೆ ಗೋಡೆಗೆ ಅಂಟಿಸಿ ಬರುತ್ತೇನೆ.