ರೆಫರಿ ಹತ್ತಿರ ಯಾವಾಗ ಮಾತಾಡಬೇಕು

ನಾನು ಬೆಂಗಳೂರಿನಲ್ಲಿ ಹನ್ನೆರಡು ವರ್ಷದೊಳಗಿನ ಮಕ್ಕಳಿಗೆ ಫುಟ್‌ಬಾಲ್ ಕಲಿಸುತ್ತೇನೆ. ನಮ್ಮ ಪಂದ್ಯಗಳು ಬಹುಪಾಲು ಭಾನುವಾರ, ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಸಿಗುವ ಟರ್ಫ್‌ಗಳಲ್ಲಿ ನಡೆಯುತ್ತವೆ. ಸುತ್ತ ಬಲೆ, ಬಲೆಗೆ ಅಂಟಿಕೊಂಡು ಅಪ್ಪ ಅಮ್ಮಂದಿರು. ಯಾರು ಏನು ಗೊಣಗಿದರೂ ರೆಫರಿ ಕಿವಿಗೆ ಬೀಳುತ್ತದೆ. ಆ ರೆಫರಿ ಬಹಳ ಸಲ ಒಬ್ಬ ಕಾಲೇಜು ಹುಡುಗ. ಬೆಳಿಗ್ಗೆಯಿಂದ ಒಂದರ ಹಿಂದೆ ಒಂದು ಪಂದ್ಯ ನಡೆಸಿರುತ್ತಾನೆ. ಲೈನ್ಸ್‌ಮನ್ ಇರುವುದಿಲ್ಲ. ಆಫ್‌ಸೈಡ್ (ಎದುರಾಳಿ ಡಿಫೆಂಡರ್‌ಗಳನ್ನು ದಾಟಿ ಗೋಲಿನ ಹತ್ತಿರ ನಿಂತು ಪಾಸ್ ಪಡೆಯುವ ತಪ್ಪು), ಹ್ಯಾಂಡ್‌ಬಾಲ್, ಬಾಲ್ ಗೆರೆ ದಾಟಿತಾ ಇಲ್ವಾ, ಎಲ್ಲವನ್ನೂ ಅವನೊಬ್ಬನೇ ನೋಡಬೇಕು.

ಕೋಚ್ ಮತ್ತು ರೆಫರಿ ನಡುವೆ ಗೌರವ ಇರಬೇಕು ಅಂತ ಎಲ್ಲರೂ ಹೇಳುತ್ತಾರೆ. ನನಗೆ ಅದು ಸ್ವಭಾವಕ್ಕಿಂತ ಜಾಸ್ತಿ ಏರ್ಪಾಡಿನ ವಿಷಯ. ಯಾವ ಮಾತನ್ನು ಯಾವಾಗ, ಯಾರು ಆಡಬೇಕು ಅಂತ ಮೊದಲೇ ಗೊತ್ತಿದ್ದರೆ ಅರ್ಧ ಜಗಳ ಹುಟ್ಟುವುದೇ ಇಲ್ಲ.

ಆಟ ಶುರುವಾಗುವ ಮೊದಲು ರೆಫರಿ ಹತ್ತಿರ ಹೋಗುತ್ತೇನೆ, ಎದುರಾಳಿ ಕೋಚನ್ನೂ ಕರೆದುಕೊಂಡು. ಒಬ್ಬನೇ ಹೋದರೆ ಮಸ್ಕಾ ಹೊಡೆದ ಹಾಗಿರುತ್ತೆ, ಅಲ್ವಾ? ಹೆಸರು ಕೇಳಿಕೊಳ್ಳುತ್ತೇನೆ. ಆಫ್‌ಸೈಡ್ ಇದೆಯಾ, ಬ್ಯಾಕ್‌ಪಾಸನ್ನು, ಅಂದರೆ ತನ್ನದೇ ತಂಡದವರು ಹಿಂದಕ್ಕೆ ಒದ್ದುಕೊಟ್ಟ ಬಾಲನ್ನು, ಗೋಲ್‌ಕೀಪರ್ ಕೈಯಲ್ಲಿ ಹಿಡಿದರೆ ಫೌಲಾ, ಹೊರಗೆ ಬಂದ ಹುಡುಗ ಮತ್ತೆ ಒಳಗೆ ಹೋಗಬಹುದಾ ಅಂತ ವಿಚಾರಿಸುತ್ತೇನೆ. ಮಕ್ಕಳ ಟೂರ್ನಮೆಂಟುಗಳಲ್ಲಿ ಒಂದೊಂದು ಕಡೆ ಒಂದೊಂದು ರೂಲ್ಸ್. ಇದನ್ನು ಆಗಲೇ ಕೇಳಿಕೊಳ್ಳದೆ ಮಧ್ಯದಲ್ಲಿ ಕೂಗಾಡಿದರೆ ಪ್ರಯೋಜನ ಇಲ್ಲ.

ಇನ್ನೊಂದು, ರೂಲ್ಸ್ ಓದುವುದು. ಟಚ್‌ಲೈನ್ ಪಕ್ಕದ ಕೂಗಾಟದಲ್ಲಿ ಎಷ್ಟೋ ಭಾಗ ಹಳೇ ನಿಯಮದ ನೆನಪಿನಿಂದ ಬರುವುದು. ಗೋಲ್ ಕಿಕ್‌ನಲ್ಲಿ ಒದ್ದ ಬಾಲ್ ಪೆನಾಲ್ಟಿ ಏರಿಯಾ, ಅಂದರೆ ಗೋಲಿನ ಮುಂದಿನ ದೊಡ್ಡ ಚೌಕ, ದಾಟಲೇಬೇಕು ಅನ್ನುವುದು 2019ರಲ್ಲೇ ಹೋಯಿತು. ಇವತ್ತಿಗೂ ಅದಕ್ಕೆ ರೆಫರಿಗೆ ಬೈಯುವವರಿದ್ದಾರೆ. ಪೆಲೆ ಪ್ರತಿಮೆ ಇರುವ ಗೌತಮಪುರದ ಕಡೆ, ಆಸ್ಟಿನ್ ಟೌನ್ ಕಡೆ ಹಳೇ ಆಟಗಾರರು ಪಂದ್ಯ ನೋಡಲು ಬಂದು ನಿಲ್ಲುತ್ತಾರೆ. ಬೈಗುಳ ಅಲ್ಲಿಯೂ ಧಾರಾಳ, ಅದೂ ಮೂರು ನಾಲ್ಕು ಭಾಷೆಯಲ್ಲಿ. ಆದರೆ ಅವರಿಗೆ ಆಟ ಗೊತ್ತು. ಟರ್ಫ್‌ನ ಬಲೆ ಹಿಡಿದು ನಿಂತವರಲ್ಲಿ ಎಷ್ಟೋ ಜನಕ್ಕೆ ಗೊತ್ತಿಲ್ಲ.

ಒಂದು ಪಂದ್ಯದಲ್ಲಿ ಎದುರಾಳಿಗಳು ಉದ್ದಕ್ಕೆ ಥ್ರೋ-ಇನ್ ಎಸೆದರು. ನಮ್ಮ ಡಿಫೆಂಡರ್‌ಗಳ ಹಿಂದೆ ನಿಂತಿದ್ದ ಹುಡುಗನಿಗೆ ಬಾಲ್ ನೇರ ಸಿಕ್ಕಿತು. ಗೋಲು. "ಆಫ್‌ಸೈಡ್! ಕಣ್ಣು ಕಾಣಲ್ವೇನ್ರೀ?" ಅಂತ ನಮ್ಮ ಕಡೆಯ ಒಬ್ಬರು ಬಲೆ ಹಿಡಿದು ಅಲ್ಲಾಡಿಸಿದರು. ಮಕ್ಕಳೂ ಕೈ ಎತ್ತಿಕೊಂಡು ರೆಫರಿ ಕಡೆ ಓಡಿದರು. ರೆಫರಿ ಹುಡುಗ ಒಂದು ಹೆಜ್ಜೆ ಹಿಂದೆ ಸರಿದ, ಸೀಟಿ ಇನ್ನೂ ಬಾಯಲ್ಲೇ ಇತ್ತು. ಬಲೆಯಾಚೆಗೂ ಕೇಳುವ ಹಾಗೆ ನಾನೇ ಹೇಳಿದೆ: "ಥ್ರೋ-ಇನ್‌ನಿಂದ ನೇರ ಬಂದರೆ ಆಫ್‌ಸೈಡ್ ಇಲ್ಲ. ಗೋಲು ಸರಿ. ಸೆಂಟರ್‌ಗೆ ಬನ್ನಿ." ಗೋಲು ಬಿದ್ದದ್ದು ನಮಗೆ, ಹಾಗಾಗಿ ನನ್ನ ಬಾಯಿಂದ ಬಂದ ಮಾತಿಗೆ ಎದುರಾಡಲು ಯಾರಿಗೂ ಆಗಲಿಲ್ಲ. ಹಾಫ್‌ಟೈಮ್‌ನಲ್ಲಿ ಆ ರೆಫರಿ ತಾನಾಗಿಯೇ ಬಂದು, ನಮ್ಮ ವಿರುದ್ಧ ಕೊಟ್ಟಿದ್ದ ಒಂದು ಫೌಲ್ ಯಾಕೆ ಅಂತ ವಿವರಿಸಿದ. ನಾನು ಕೇಳಿರಲೇ ಇಲ್ಲ.

ತೀರ್ಪು ತಪ್ಪು ಅನ್ನಿಸಿದಾಗ ಏನು ಮಾಡುವುದು? ಆಟ ಮತ್ತೆ ಶುರುವಾದ ಮೇಲೆ ರೆಫರಿ ಆ ತೀರ್ಪನ್ನು ಬದಲಾಯಿಸುವ ಹಾಗೇ ಇಲ್ಲ. ಆಮೇಲೆ ಕಿರುಚುವುದು ಬರೀ ಗಂಟಲು ನೋವು. ಅದಕ್ಕೂ ಮೊದಲು ನಮ್ಮ ಕ್ಯಾಪ್ಟನ್ ಮಾತ್ರ ಹೋಗಿ ಕೇಳಬಹುದು. 2024ರ ಯುರೋ ಟೂರ್ನಿಯಲ್ಲಿ ಕ್ಯಾಪ್ಟನ್ ಒಬ್ಬನೇ ರೆಫರಿ ಹತ್ತಿರ ಹೋಗಬೇಕು ಅಂತ ಮಾಡಿದ್ದನ್ನು ಮಕ್ಕಳು ಟಿವಿಯಲ್ಲಿ ನೋಡಿದ್ದರು, ಹಾಗಾಗಿ ಒಪ್ಪಿಸುವುದು ಸುಲಭವಾಯಿತು. ತಲೆಗೆ ಏಟು ಬಿದ್ದಾಗ ಮಾತ್ರ ನಾನು ಯಾವ ಮರ್ಯಾದೆಯನ್ನೂ ನೋಡುವುದಿಲ್ಲ, ಜೋರಾಗಿಯೇ ಕೂಗುತ್ತೇನೆ. ನನ್ನ ಜೊತೆಯ ಕೋಚ್‌ಗಳಿಗೆ ಇನ್ನೊಂದನ್ನೂ ಹೇಳಿದ್ದೇನೆ: 2019ರಿಂದ ಕೋಚ್‌ಗೂ ಹಳದಿ, ಕೆಂಪು ಕಾರ್ಡ್ ಇದೆ. ಬೆಂಚಿನಿಂದ ಬೈದವರು ಯಾರು ಅಂತ ಗೊತ್ತಾಗದಿದ್ದರೆ ಕಾರ್ಡ್ ಅಲ್ಲಿರುವ ಹಿರಿಯ ಕೋಚ್‌ಗೇ, ಅಂದರೆ ನನಗೇ.

ರೆಫರಿಗಳೆಲ್ಲ ಸಾಚಾ ಅಂತ ನಾನು ಹೇಳುತ್ತಿಲ್ಲ. ತಡವಾಗಿ ಬಂದು, ಮೈದಾನದ ಮಧ್ಯದಲ್ಲಿ ನಿಂತಲ್ಲೇ ಸೀಟಿ ಊದುವವರೂ ಇದ್ದಾರೆ. ಪ್ರಶ್ನೆ ಕೇಳಿದ ಮಗುವಿಗೆ "ಸುಮ್ನೆ ಆಡೋ" ಅಂದವರಿದ್ದಾರೆ. "ಕೈಯಲ್ಲಿ ತಳ್ಳಿದೆ" ಅಂತ ಎರಡು ಪದ ಹೇಳಿದ್ದರೆ ಅದೇ ಮಗು ಕಲಿಯುತ್ತಿತ್ತು. ಇಂಥದ್ದನ್ನು ಗೇಟಿನ ಹತ್ತಿರ ಅಡ್ಡಗಟ್ಟಿ ಕೇಳುವುದಿಲ್ಲ. ಮಾರನೇ ದಿನ ಆಯೋಜಕರಿಗೆ ಬರೆದು ಕಳಿಸುತ್ತೇನೆ. ಚೆನ್ನಾಗಿ ನಡೆಸಿಕೊಟ್ಟವರ ಬಗ್ಗೆಯೂ ಬರೆಯುತ್ತೇನೆ.

ಪ್ರಾಕ್ಟೀಸ್ ಪಂದ್ಯಗಳಲ್ಲಿ ಸೀಟಿ ಮಕ್ಕಳ ಕೈಗೆ ಕೊಡುತ್ತೇನೆ, ಸರದಿ ಮೇಲೆ. ಎಲ್ಲರಿಗಿಂತ ಜಾಸ್ತಿ ವಾದ ಮಾಡುವ ಹುಡುಗನ ಸರದಿ ಬಂದಾಗ ಅವನು ಬಾಲ್ ನೋಡುತ್ತಾ ಸೀಟಿ ಊದುವುದನ್ನೇ ಮರೆತ. ಎರಡೂ ಕಡೆಯವರು ಮುತ್ತಿಕೊಂಡರು. "ನಾನು ನೋಡ್ಲಿಲ್ಲ ಕಣ್ರೋ!" ಅಂತ ಅಳುವ ಹಾಗಾದ. ನಾನು ಏನೂ ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ.

ನಾವೇ ಸ್ನೇಹ ಪಂದ್ಯ ಇಟ್ಟುಕೊಂಡಾಗ ರೆಫರಿಗೆ ಕೂರಲು ನೆರಳು, ಕುಡಿಯಲು ನೀರು, ಎರಡು ಪಂದ್ಯಗಳ ನಡುವೆ ಸ್ವಲ್ಪ ಬಿಡುವು ಇರುವ ಹಾಗೆ ನೋಡಿಕೊಳ್ಳುತ್ತೇವೆ. ಟರ್ಫ್ ಬಾಡಿಗೆ ಆಸೆಗೆ ಈ ಬಿಡುವನ್ನೇ ಮೊದಲು ಕತ್ತರಿಸುತ್ತಾರೆ. ಫೀಸನ್ನು ಅವರು ಬೂಟು ಬಿಚ್ಚುವ ಮೊದಲೇ ಕೊಟ್ಟುಬಿಡುತ್ತೇವೆ, "ನಾಳೆ ಗೂಗಲ್ ಪೇ ಮಾಡ್ತೀನಿ" ಅನ್ನುವ ಮಾತಿಲ್ಲ. ಈಗ ಶನಿವಾರ ರಾತ್ರಿ ಫೋನ್ ಮಾಡಿದರೂ ಯಾರಾದರೂ ಒಬ್ಬರು ಬರಲು ಒಪ್ಪುತ್ತಾರೆ.