ಲಾಕ್ ಬಿಟ್ಟ ಮೇಲೆ ಎಣಿಸಿದ ಉಲ್ಲೇಖ

ಗಂಗಾವತಿಯ ಅಕ್ಕಿ ಗಿರಣಿಯೊಂದರ ತೂಕದ ಯಂತ್ರಕ್ಕೆ ನಾನು ಬರೆದ ಲಿನಕ್ಸ್ ಡ್ರೈವರ್ (ಸಾಧನವನ್ನು ನಡೆಸುವ ತಂತ್ರಾಂಶ), ತೂಕ ಓದಲು ಹೊರಟ ಕ್ಷಣದಲ್ಲೇ ಯುಎಸ್‌ಬಿ ಕೇಬಲ್ ಕಿತ್ತರೆ ಒಮ್ಮೊಮ್ಮೆ ಇಡೀ ಕಂಪ್ಯೂಟರನ್ನೇ ಸ್ಥಗಿತಗೊಳಿಸುತ್ತಿತ್ತು. ಗಿರಣಿಯಲ್ಲಿ ಕೇಬಲ್ ಕೀಳುವವರಿಗೇನೂ ಬರವಿರಲಿಲ್ಲ. ಮನೆಯಲ್ಲಿ ಮರುಕಳಿಸದ ಈ ದೋಷ, ಸಾಧನವನ್ನು ಬಳಕೆಗೆ ತೆರೆಯುವ ಓಪನ್ ಕಾರ್ಯದೊಳಗೆ ಬೇಕೆಂದೇ ಸಣ್ಣ ವಿಳಂಬ ಸೇರಿಸಿ, ಮುಕ್ತಗೊಳಿಸಿದ ಮೆಮೊರಿಯನ್ನು ಬಳಸುವಂಥ ತಪ್ಪುಗಳನ್ನು ಹಿಡಿಯುವ ಕೇಸನ್ (KASAN) ಸಹಿತ ಕರ್ನಲ್‌ನಲ್ಲಿ, ಅಂದರೆ ಲಿನಕ್ಸ್‌ನ ತಿರುಳಿನಲ್ಲಿ, ನಡೆಸಿದಾಗ ಸಿಕ್ಕಿಬಿದ್ದಿತು.

ಓಪನ್ ಕಾರ್ಯವು ಪಟ್ಟಿಯಲ್ಲಿ ಸಾಧನವನ್ನು ಹುಡುಕಿ, ಪಟ್ಟಿಯನ್ನು ಒಂದು ಸಲಕ್ಕೆ ಒಬ್ಬರಷ್ಟೇ ಮುಟ್ಟುವಂತೆ ಕಾಯುವ ಲಾಕ್ ಬಿಟ್ಟ ಮೇಲೆ ಉಲ್ಲೇಖ ಎಣಿಕೆಯನ್ನು (ಸಾಧನದ ದಾಖಲೆಯನ್ನು ಎಷ್ಟು ಕಡೆ ಹಿಡಿದುಕೊಂಡಿದ್ದಾರೆ ಎಂಬ ಲೆಕ್ಕ; ಅದು ಸೊನ್ನೆಯಾದರೆ ದಾಖಲೆಯ ಮೆಮೊರಿ ಮುಕ್ತವಾಗುತ್ತದೆ) ಹೆಚ್ಚಿಸುತ್ತಿತ್ತು. ಆ ಅಂತರದಲ್ಲಿ ಇನ್ನೊಂದು ಸಿಪಿಯು ಕೊನೆಯ ಉಲ್ಲೇಖವನ್ನು ಕೈಬಿಟ್ಟು ಮೆಮೊರಿಯನ್ನು ಮುಕ್ತಗೊಳಿಸಿಬಿಡುತ್ತಿತ್ತು. ಎಣಿಕೆ ಅಟಾಮಿಕ್ (ನಡುವೆ ಯಾರೂ ತಲೆಹಾಕಲಾಗದಂತೆ ಒಂದೇ ಹೆಜ್ಜೆಯಲ್ಲಿ ಬದಲಾಗುವಂಥದ್ದು) ಆಗಿದ್ದರೆ ಸಾಕೆಂದು ನಾನು ನಂಬಿದ್ದೇ ತಪ್ಪು. ಹುಡುಕಾಟ, ಹೆಚ್ಚಳ ಎರಡನ್ನೂ ಒಂದೇ ಮ್ಯೂಟೆಕ್ಸ್‌ನೊಳಗೆ (ಒಂದು ಬಗೆಯ ಲಾಕ್) ತಂದು, ಪಟ್ಟಿಯಿಂದ ತೆಗೆಯುವುದನ್ನೂ ಅದರಡಿಯಲ್ಲೇ, ಪಟ್ಟಿಯ ಉಲ್ಲೇಖವನ್ನು ಕೈಬಿಡುವ ಮೊದಲೇ ಮಾಡಿದೆ. ಎಣಿಕೆಗೆ ಕರ್ನಲ್‌ನ 2017ರ 4.11ನೇ ಆವೃತ್ತಿಯಲ್ಲಿ ಬಂದ ರೆಫ್‌ಕೌಂಟ್_ಟಿ (refcount_t) ಎಂಬ ಉಲ್ಲೇಖ ಎಣಿಕೆಯದೇ ಮಾದರಿ ಬಳಸಿದೆ. ಸೊನ್ನೆಯಿಂದ ಮೇಲೇರಿಸಲು ಹೋದರೆ ಅದು ಎಚ್ಚರಿಸುತ್ತದೆ. ಅದೇ ವಿಳಂಬ ಉಳಿಸಿಕೊಂಡು ರಾತ್ರಿಯಿಡೀ ಪರೀಕ್ಷಿಸಿದರೂ ಕೇಸನ್ ಸದ್ದು ಮಾಡಲಿಲ್ಲ.